ಜಾಲಪುಟದ ಉಡುಪು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಉಣ್ಣುವುದು ನಮ್ಮ ಹಸಿವಿಗಾಗಿ. ಆದರೆ ಉಡುವಾಗ ನೋಡುವವರ ಕಣ್ಣನ್ನೂ ಗಮನದಲ್ಲಿರಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಮನುಷ್ಯನಿಗೆ ಸಲ್ಲುವ ಈ ಮಾತು ಅವನು ನಿರ್ಮಿಸಿದ ಜಾಲತಾಣಕ್ಕೂ ಸಲ್ಲುತ್ತದೆ. ಇಂದು ರೈಲಿನ ಮುಂಗಡ ಟಿಕೆಟ್, ಬ್ಯಾಂಕಿನ ವ್ಯವಹಾರ, ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ ಇವೆಲ್ಲವೂ ಅಂತರ್ಜಾಲದ ಮೂಲಕ ನಡೆಯುತ್ತಿವೆ. ಓದುವುದಕ್ಕೆ ಮಾತ್ರವಲ್ಲದೆ, ಕೆಲಸವನ್ನು ಮಾಡಿ ಮುಗಿಸುವುದಕ್ಕಾಗಿಯೂ ರಚಿತವಾದ ಇಂತಹ ತಾಣವನ್ನು ವೆಬ್ ಅಪ್ಲಿಕೇಷನ್ ಎಂದು ಕರೆಯುತ್ತಾರೆ. ಅದಕ್ಕೆ ಎಂತಹ ಉಡುಪನ್ನು ತೊಡಿಸಬೇಕು, ಆ ಉಡುಪನ್ನು ಎಲ್ಲಿಂದ ತರಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರಮಾಡೋಣ.

ಜಾಲಪುಟಕ್ಕೆ ಒಡಲು ಬೇರೆ, ಉಡುಪು ಬೇರೆ. ಇದು ತಲೆಬರಹ, ಇದು ಪರಿಚ್ಛೇದ, ಇದು ಪಟ್ಟಿ ಎಂದು ವಿಷಯವನ್ನು ವಿಂಗಡಿಸಿ ಹೇಳುವ ಭಾಷೆಗೆ ಎಚ್.ಟಿ.ಎಂ.ಎಲ್. ಎಂದು ಹೆಸರು. ಇದು ಪುಟದ ಒಡಲು. ತಲೆಬರಹವು ಯಾವ ಬಣ್ಣದಲ್ಲಿರಬೇಕು, ಸಾಲುಗಳ ನಡುವೆ ಎಷ್ಟು ಅಂತರವಿರಬೇಕು, ಚಿತ್ರವು ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದನ್ನು ಹೇಳುವ ಭಾಷೆಯೇ ಸಿ.ಎಸ್.ಎಸ್. ಇದು ಪುಟದ ಉಡುಪು. ಬಣ್ಣವನ್ನೂ ಅಳತೆಯನ್ನೂ ಒಂದೊಂದು ಸಾಲಿನೊಡನೆಯೇ ಬರೆದಿಟ್ಟರೆ, ನೂರು ಪುಟಗಳ ತಾಣದಲ್ಲಿ ಒಂದು ಬಣ್ಣವನ್ನು ಬದಲಿಸಲು ನೂರು ಪುಟಗಳನ್ನೂ ತಿದ್ದಬೇಕಾಗುತ್ತದೆ. ನಿಯಮಗಳನ್ನು ಬೇರೆಯಾಗಿ ಒಂದೆಡೆ ಬರೆದಿಟ್ಟರೆ ಒಂದು ಸಾಲನ್ನು ತಿದ್ದಿದರೆ ಸಾಕು.

ಈ ವಿಚಾರವನ್ನು 1994ರ ಅಕ್ಟೋಬರ್ ತಿಂಗಳಿನಲ್ಲಿ ಮುಂದಿಟ್ಟವರು ನಾರ್ವೆ ದೇಶದ ಹೋಕೊನ್ ವಿಯುಮ್ ಲೀ. ಅವರು ಆಗ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನ ಕೇಂದ್ರದಲ್ಲಿದ್ದರು. ಟಿಮ್ ಬರ್ನರ್ಸ್-ಲೀ ಅವರು ವರ್ಲ್ಡ್ ವೈಡ್ ವೆಬ್ಬಿನ ಯೋಜನೆಯನ್ನು 1989ರಲ್ಲಿ ರೂಪಿಸಿದ್ದೂ ಅದೇ ಕೇಂದ್ರದಲ್ಲಿ. ಬಳಿಕ ಹಾಲೆಂಡಿನ ಬರ್ಟ್ ಬಾಸ್ ಅವರು ಲೀ ಅವರ ಜೊತೆಗೂಡಿದರು. 1996ರ ಡಿಸೆಂಬರಿನಲ್ಲಿ ಸಿ.ಎಸ್.ಎಸ್. ಅಧಿಕೃತ ಶಿಫಾರಸಾಗಿ ಪ್ರಕಟವಾಯಿತು. ಒಡಲನ್ನು ಮುಟ್ಟದೆ ಉಡುಪನ್ನು ಮಾತ್ರ ಬದಲಿಸಬಹುದು ಎಂಬುದನ್ನು ಜಗತ್ತಿಗೆ ಮನದಟ್ಟು ಮಾಡಿಕೊಟ್ಟದ್ದು 2003ರಲ್ಲಿ ಡೇವ್ ಶೇ ಅವರು ಆರಂಭಿಸಿದ ‘ಸಿ.ಎಸ್.ಎಸ್. ಜೆನ್ ಗಾರ್ಡನ್’ ಎಂಬ ತಾಣ. ಅಲ್ಲಿನ ಬರಹವೊಂದೇ, ಕಲಾವಿದರು ತೊಡಿಸಿದ ಉಡುಪುಗಳು ಮಾತ್ರ ಹಲವಾರು. ಒಂದರಂತೆ ಮತ್ತೊಂದು ಕಾಣುತ್ತಿರಲಿಲ್ಲ.

ಉಡುಪನ್ನು ತಾನೇ ನೇಯ್ದು ತಾನೇ ಹೊಲಿಯುವುದು ಸುಲಭದ ಕೆಲಸವಲ್ಲ. ಒಂದು ಬ್ರೌಸರಿನಲ್ಲಿ ಸರಿಯಾಗಿ ಕಂಡ ಪುಟವು ಇನ್ನೊಂದರಲ್ಲಿ ಅಸ್ತವ್ಯಸ್ತವಾಗುತ್ತಿತ್ತು. ಮೊಬೈಲ್ ಫೋನುಗಳು ಬಂದ ಮೇಲೆ ಪರದೆಯ ಅಳತೆಯೂ ಒಂದೇ ಆಗಿ ಉಳಿಯಲಿಲ್ಲ. ಪರದೆಗೆ ತಕ್ಕಂತೆ ಪುಟವೇ ತನ್ನನ್ನು ಹೊಂದಿಸಿಕೊಳ್ಳಬೇಕು ಎಂಬ ತತ್ತ್ವವನ್ನು ಈತನ್ ಮಾರ್ಕಾಟ್ ಅವರು 2010ರಲ್ಲಿ ಒಂದು ಲೇಖನದ ಮೂಲಕ ಪ್ರತಿಪಾದಿಸಿದರು. ಇಷ್ಟೆಲ್ಲ ಕಷ್ಟವನ್ನು ಪ್ರತಿಯೊಬ್ಬನೂ ಮೊದಲಿನಿಂದ ಪಡುವುದರ ಬದಲು, ಪರೀಕ್ಷಿಸಿ ನೋಡಿದ ನಿಯಮಗಳ ಒಂದು ಕಟ್ಟನ್ನು ಎಲ್ಲರೂ ಬಳಸಿಕೊಳ್ಳಬಾರದೇಕೆ ಎಂಬ ಯೋಚನೆ ಹುಟ್ಟಿತು. ಆ ಕಟ್ಟನ್ನೇ ಸಿ.ಎಸ್.ಎಸ್. ಫ್ರೇಮ್‌ವರ್ಕ್, ಅಂದರೆ ಚೌಕಟ್ಟು ಎನ್ನುತ್ತಾರೆ.

ಇವುಗಳಲ್ಲಿ ಬಹು ಪ್ರಸಿದ್ಧವಾದದ್ದು ಬೂಟ್‌ಸ್ಟ್ರ್ಯಾಪ್. ಟ್ವಿಟರ್ ಸಂಸ್ಥೆಯಲ್ಲಿದ್ದ ಮಾರ್ಕ್ ಆಟೊ ಮತ್ತು ಜೇಕಬ್ ಥಾರ್ನ್‌ಟನ್ ಎಂಬಿಬ್ಬರು ತಮ್ಮ ಸಂಸ್ಥೆಯ ಒಳಬಳಕೆಗೆಂದು ರೂಪಿಸಿದ ಈ ಚೌಕಟ್ಟು 2011ರ ಆಗಸ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ಇದು ಪುಟದ ಅಗಲವನ್ನು 12 ಅಂಕಣಗಳಾಗಿ ವಿಭಾಗಿಸುತ್ತದೆ. ಹನ್ನೆರಡನ್ನು ಎರಡು, ಮೂರು, ನಾಲ್ಕು, ಆರು ಎಂಬ ಸಂಖ್ಯೆಗಳಿಂದ ನಿಶ್ಶೇಷವಾಗಿ ಭಾಗಿಸಬಹುದಾದುದರಿಂದ ಪುಟವನ್ನು ಬೇಕಾದಂತೆ ಹಂಚಲು ಅನುಕೂಲ. ಗುಂಡಿ, ಕೋಷ್ಟಕ, ಅರ್ಜಿಯ ಖಾನೆ, ಎಚ್ಚರಿಕೆಯ ಪಟ್ಟಿ ಮುಂತಾದ ಭಾಗಗಳು ಇದರಲ್ಲಿ ಸಿದ್ಧವಾಗಿಯೇ ಇರುತ್ತವೆ. ಪುಟದ ಭಾಗಕ್ಕೆ ಅಂಟಿಸುವ ಗುರುತಿನ ಹೆಸರಿಗೆ ಕ್ಲಾಸ್ ಎನ್ನುತ್ತಾರೆ. ಗುಂಡಿಯೊಂದಕ್ಕೆ ಎರಡು ಕ್ಲಾಸುಗಳನ್ನು ಬರೆದರೆ ಬಣ್ಣ, ಅಂಚು, ಒಳಜಾಗ ಎಲ್ಲವೂ ತಾವಾಗಿಯೇ ಬರುತ್ತವೆ. ಇದನ್ನು ಅಂಗಡಿಯಲ್ಲಿ ದೊರೆಯುವ ಸಿದ್ಧ ಉಡುಪಿಗೆ ಹೋಲಿಸಬಹುದು. ಕೊಂಡ ಕ್ಷಣವೇ ತೊಡಬಹುದು. ಆದರೆ ಅದೇ ಅಂಗಿಯನ್ನು ತೊಟ್ಟವರು ಬೀದಿಯಲ್ಲಿ ಇನ್ನೂ ಹತ್ತು ಮಂದಿ ಸಿಗುತ್ತಾರೆ. ತನ್ನದೇ ಆದ ರೂಪ ಬೇಕೆಂದು ಅಲ್ಲಲ್ಲಿ ನಿಯಮಗಳನ್ನು ಮೀರಿ ಬರೆಯತೊಡಗಿದರೆ ತೇಪೆಯ ಮೇಲೆ ತೇಪೆ ಬೀಳುತ್ತದೆ. ಅಲ್ಲದೆ, ಇದರ ಐದನೆಯ ಆವೃತ್ತಿಯ ನಿಯಮಗಳನ್ನೆಲ್ಲ ಇದ್ದಂತೆಯೇ ಸೇರಿಸಿಕೊಂಡರೆ, ಅಡಕಗೊಳಿಸುವ ಮುನ್ನ ಅವು 200 ಕಿಲೋಬೈಟಿಗೂ ಮಿಗಿಲಾಗುತ್ತವೆ. ಅವುಗಳಲ್ಲಿ ನಾವು ಬಳಸುವುದು ಸ್ವಲ್ಪ ಭಾಗ ಮಾತ್ರ.

ಎರಡನೆಯದು ಟೈಲ್‌ವಿಂಡ್. ಆಡಮ್ ವಾಥನ್ ಮತ್ತು ಅವರ ಸಂಗಡಿಗರು 2017ರಲ್ಲಿ ಇದನ್ನು ಹೊರತಂದರು. ಇದರ ಮೂಲದಲ್ಲಿ ಸಿದ್ಧ ಗುಂಡಿಯಾಗಲಿ ಸಿದ್ಧ ಕೋಷ್ಟಕವಾಗಲಿ ಇಲ್ಲ. ಒಂದೊಂದೇ ಕೆಲಸ ಮಾಡುವ ಸಣ್ಣ ಸಣ್ಣ ಕ್ಲಾಸುಗಳಿವೆ. ಹಿನ್ನೆಲೆಯ ಬಣ್ಣಕ್ಕೊಂದು, ಅಕ್ಷರದ ಬಣ್ಣಕ್ಕೊಂದು, ಒಳಜಾಗಕ್ಕೊಂದು, ಅಂಚಿನ ದುಂಡುತನಕ್ಕೊಂದು. ಗುಂಡಿಯೊಂದನ್ನು ರೂಪಿಸಲು ಆರೇಳು ಕ್ಲಾಸುಗಳನ್ನು ಸಾಲಾಗಿ ಬರೆಯಬೇಕು. ಆದರೆ ಅಳತೆಗಳು ಮನಬಂದಂತೆ ಇರುವುದಿಲ್ಲ. ಅಂತರದ ಒಂದು ಮೆಟ್ಟಿಲು ಸಾಮಾನ್ಯವಾಗಿ 4 ಪಿಕ್ಸೆಲ್. ನಾಲ್ಕು ಮೆಟ್ಟಿಲಾದರೆ 16 ಪಿಕ್ಸೆಲ್. ಹೀಗಾಗಿ ಪುಟಪುಟಕ್ಕೂ ಅಳತೆ ಹೊಂದಿಕೊಳ್ಳುತ್ತದೆ. ಇದು ದರ್ಜಿಯ ಬಳಿಯ ಅಳತೆಪಟ್ಟಿ, ಕತ್ತರಿಸಿದ ಬಟ್ಟೆ ಮತ್ತು ದಾರಗಳಿದ್ದಂತೆ. ಹೊಲಿಯುವ ಕೈ ನಮ್ಮದಾಗಿರಬೇಕು. 2021ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಇದು ನಾವು ಬರೆದ ಕ್ಲಾಸುಗಳಿಗೆ ಬೇಕಾದ ನಿಯಮಗಳನ್ನು ಮಾತ್ರ ಸೃಷ್ಟಿಸುತ್ತದೆ. ಆದುದರಿಂದ ಬಳಕೆದಾರನ ಫೋನಿಗೆ ಹೋಗುವ ಹೊರೆ ಹಗುರ. ದೋಷವೂ ಇಲ್ಲದಿಲ್ಲ. ಕ್ಲಾಸುಗಳ ಉದ್ದನೆಯ ಸಾಲು ಪುಟದ ಒಡಲನ್ನೇ ಮುಚ್ಚಿಬಿಡುತ್ತದೆ. ಅದೇ ಗುಂಡಿಯನ್ನು ಐವತ್ತು ಕಡೆ ಬಿಡಿಬಿಡಿಯಾಗಿ ಬರೆದವನು ತಿದ್ದುವಾಗಲೂ ಐವತ್ತು ಕಡೆ ತಿದ್ದಬೇಕಾಗುತ್ತದೆ. ಗುಂಡಿಯನ್ನು ಒಂದೇ ಕಡೆ ರಚಿಸಿ ಎಲ್ಲೆಡೆ ಕರೆದುಕೊಳ್ಳುವ ಶಿಸ್ತು ಇದ್ದವರಿಗೆ ಮಾತ್ರ ಇದು ಒಲಿಯುತ್ತದೆ.

ಮೂರನೆಯ ಮಾರ್ಗವೂ ಉಂಟು. ಅದು ಯಾವ ಚೌಕಟ್ಟೂ ಇಲ್ಲದೆ ತಾನೇ ಬರೆದುಕೊಳ್ಳುವುದು. ಒಂದು ಕಾಲಕ್ಕೆ ಅಂಕಣಗಳನ್ನು ಹೊಂದಿಸುವುದಕ್ಕಾಗಿಯೇ ಚೌಕಟ್ಟನ್ನು ಆಶ್ರಯಿಸಬೇಕಾಗಿತ್ತು. 2017ರ ಮಾರ್ಚ್ ತಿಂಗಳಿನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಎಂಬ ಪ್ರಮುಖ ಬ್ರೌಸರುಗಳು ‘ಗ್ರಿಡ್’ ಎಂಬ ಜೋಡಣೆಯ ವಿಧಾನವನ್ನು ತಮ್ಮಲ್ಲಿ ಅಳವಡಿಸಿಕೊಂಡ ಮೇಲೆ ಆ ಅವಶ್ಯಕತೆ ಬಹಳಮಟ್ಟಿಗೆ ತಗ್ಗಿತು. ನಾಲ್ಕಾರು ಪುಟಗಳ ಸಣ್ಣ ತಾಣಕ್ಕೆ ಚೌಕಟ್ಟನ್ನು ತರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಬಿಟ್ಟಂತೆ. ಇದಕ್ಕೆ ತೀರ ವಿರುದ್ಧವಾದ ತುದಿಯಲ್ಲಿ, ನೂರಾರು ಸೇವೆಗಳನ್ನು ನಡೆಸುವ ದೊಡ್ಡ ಸಂಸ್ಥೆಗಳು ತಮಗೆಂದೇ ಚೌಕಟ್ಟನ್ನು ಕಟ್ಟಿಕೊಳ್ಳುವುದುಂಟು. ಬ್ರಿಟನ್ನಿನ ಸರ್ಕಾರವು ತನ್ನ ಜಾಲಸೇವೆಗಳಿಗಾಗಿ 2018ರಲ್ಲಿ ಇಂತಹ ಒಂದು ವಿನ್ಯಾಸವ್ಯವಸ್ಥೆಯನ್ನು ಪ್ರಕಟಿಸಿತು.

ಹಾಗಾದರೆ ಆರಿಸುವುದು ಹೇಗೆ? ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಸ್ವೀಕರಿಸುವ ವೆಬ್ ಅಪ್ಲಿಕೇಷನ್ ಒಂದನ್ನು ಕನ್ನಡದಲ್ಲಿ ರಚಿಸಬೇಕಾಗಿದೆ ಎಂದು ಭಾವಿಸಿರಿ. ರಚಿಸುವವರು ಇಬ್ಬರು, ಅವಧಿ ಎರಡು ತಿಂಗಳು. ಅರ್ಜಿ ತುಂಬುವವಳು ಹಳ್ಳಿಯ ಒಬ್ಬ ವಿದ್ಯಾರ್ಥಿನಿ. ಅವಳ ಕೈಯಲ್ಲಿರುವುದು ತಂದೆಯ ಸಾಧಾರಣ ಫೋನು; ಸಂಪರ್ಕವು ಆಗಾಗ ಕಡಿದುಹೋಗುತ್ತದೆ. ಈ ಚಿತ್ರವನ್ನು ಕಣ್ಣಮುಂದಿಟ್ಟುಕೊಂಡು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು, ತಾಣದ ಕೆಲಸವೇನು? ಇಲ್ಲಿ ಅರ್ಜಿಯ ಖಾನೆ, ಕೋಷ್ಟಕ, ತಪ್ಪನ್ನು ತೋರಿಸುವ ಸೂಚನೆ ಇವೇ ಹೆಚ್ಚು. ಇವೆಲ್ಲವೂ ಬೂಟ್‌ಸ್ಟ್ರ್ಯಾಪ್‌ನಲ್ಲಿ ಸಿದ್ಧವಾಗಿವೆ. ವಿಶಿಷ್ಟ ರೂಪವೇ ಮುಖ್ಯವಾದ ಪತ್ರಿಕೆಯೋ ಮಳಿಗೆಯೋ ಆಗಿದ್ದರೆ ಟೈಲ್‌ವಿಂಡ್ ಹೆಚ್ಚು ಒಪ್ಪುತ್ತಿತ್ತು.

ಎರಡನೆಯದು, ಮುಂದೆ ಇದನ್ನು ನೋಡಿಕೊಳ್ಳುವವರು ಯಾರು? ಚೌಕಟ್ಟುಗಳು ಆಗಾಗ ಬದಲಾಗುತ್ತವೆ. 2021ರಲ್ಲಿ ಬಂದ ಬೂಟ್‌ಸ್ಟ್ರ್ಯಾಪ್‌ನ ಐದನೆಯ ಆವೃತ್ತಿ ತಾನು ಅದುವರೆಗೆ ನೆಚ್ಚಿಕೊಂಡಿದ್ದ ಜೆಕ್ವೆರಿಯನ್ನು ಕೈಬಿಟ್ಟಿತು. 2025ರ ಜನವರಿಯಲ್ಲಿ ಬಂದ ಟೈಲ್‌ವಿಂಡ್‌ನ ನಾಲ್ಕನೆಯ ಆವೃತ್ತಿ ವ್ಯವಸ್ಥೆಯ ವಿವರಗಳನ್ನು ಬರೆಯುವ ಸ್ಥಳವನ್ನೇ ಬದಲಿಸಿತು. ಇಂದು ಆರಿಸಿದ್ದನ್ನು ನಾಳೆ ಮತ್ತೊಬ್ಬನು ಓದಿ ತಿದ್ದಬೇಕು. ಆದುದರಿಂದ ಅವನಿಗೆ ತಿಳಿದಿರುವ ಅಥವಾ ಬೇಗನೆ ಕಲಿಯಬಹುದಾದ ಚೌಕಟ್ಟೇ ಉತ್ತಮ.

ಮೂರನೆಯದು, ನೋಡುವ ಕಣ್ಣುಗಳೆಲ್ಲ ಒಂದೇ ಬಗೆಯವೆ? ದೃಷ್ಟಿ ಮಂದವಾದವರಿದ್ದಾರೆ, ಕೆಂಪು ಹಸಿರುಗಳ ಭೇದ ಕಾಣದವರಿದ್ದಾರೆ, ಪುಟವನ್ನು ಯಂತ್ರದಿಂದ ಓದಿಸಿ ಕೇಳುವವರಿದ್ದಾರೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ವಿಧಿಸುತ್ತದೆ. ತಪ್ಪನ್ನು ಬರಿಯ ಕೆಂಪು ಬಣ್ಣದಿಂದ ಸೂಚಿಸದೆ ಮಾತಿನಲ್ಲೂ ಹೇಳಬೇಕು. ಸಿದ್ಧ ಭಾಗಗಳುಳ್ಳ ಚೌಕಟ್ಟು ಇದರಲ್ಲಿ ಕೆಲವನ್ನು ತಾನೇ ನೋಡಿಕೊಳ್ಳುತ್ತದೆ. ಉಳಿದುದು ರಚಿಸುವವನ ಹೊಣೆ.

ನಾಲ್ಕನೆಯದು, ಪುಟದ ಭಾಷೆ ಯಾವುದು? ಈ ಚೌಕಟ್ಟುಗಳ ಅಳತೆಗಳನ್ನು ನಿಗದಿಮಾಡಿದವರು ರೋಮನ್ ಲಿಪಿಯನ್ನು ಕಣ್ಣಮುಂದಿಟ್ಟುಕೊಂಡಿದ್ದರು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ಶಾಸ್ತ್ರ’, ‘ಲಕ್ಷ್ಮಿ’ ಎಂಬ ಪದಗಳನ್ನು ಬರೆದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೂಟ್‌ಸ್ಟ್ರ್ಯಾಪ್ ತಲೆಬರಹದ ಸಾಲಿಗೆ ಅಕ್ಷರದ ಗಾತ್ರದ 1.2 ಪಟ್ಟು ಎತ್ತರವನ್ನು ಕೊಡುತ್ತದೆ. ಟೈಲ್‌ವಿಂಡ್‌ನ ಅತಿ ದೊಡ್ಡ ಅಕ್ಷರಗಳಿಗೆ ದೊರೆಯುವುದು ಅಕ್ಷರದ ಗಾತ್ರದಷ್ಟೇ ಎತ್ತರ. ಇವನ್ನು ಹಾಗೆಯೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆದುದರಿಂದ ಯಾವುದನ್ನು ಆರಿಸಿದರೂ ಸಾಲಿನ ಎತ್ತರವನ್ನು ನಮ್ಮ ಲಿಪಿಗೆ ತಕ್ಕಂತೆ ಹೆಚ್ಚಿಸಿಕೊಳ್ಳಬೇಕು. ಉಡುಪು ತಂದವನು ತೋಳನ್ನು ಉದ್ದಮಾಡಿಸಿಕೊಳ್ಳುವಂತೆ ಇದು ಅತ್ಯಗತ್ಯವಾದ ತಿದ್ದುಪಡಿ.

ಈ ನಾಲ್ಕು ಪ್ರಶ್ನೆಗಳ ಬೆಳಕಿನಲ್ಲಿ ನೋಡಿದರೆ ನಮ್ಮ ಉದಾಹರಣೆಗೆ ಬೂಟ್‌ಸ್ಟ್ರ್ಯಾಪ್ ತಕ್ಕುದೆಂದು ತೋರುತ್ತದೆ. ಆದರೆ ಬೇಕಾದ ಭಾಗಗಳನ್ನು ಮಾತ್ರ ಆರಿಸಿಕೊಂಡು, ಬೇಡದುದನ್ನು ತೆಗೆದುಹಾಕಿ, ಸಾಲಿನ ಎತ್ತರವನ್ನು ತಿದ್ದಿಕೊಂಡು ಬಳಸಬೇಕು. ಕೆಲಸಗಾರರು ಹೆಚ್ಚಿದ್ದು, ಅವಧಿ ದೀರ್ಘವಾಗಿದ್ದು, ಸ್ವಂತ ವಿನ್ಯಾಸಕಾರರೂ ಇದ್ದಿದ್ದರೆ ತೀರ್ಮಾನ ಬೇರೆಯಾಗಬಹುದಿತ್ತು. ಎರಡರಲ್ಲೂ ಒಳ್ಳೆಯದಿದೆಯೆಂದು ಎರಡನ್ನೂ ಒಟ್ಟಿಗೆ ತರುವುದು ಮಾತ್ರ ಸರ್ವಥಾ ಸಲ್ಲದು. ಒಂದರ ನಿಯಮ ಇನ್ನೊಂದರ ನಿಯಮವನ್ನು ಅಳಿಸಿ, ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬಂತಾಗುತ್ತದೆ.

ಹೊಸದೆಂಬ ಕಾರಣಕ್ಕೆ ಒಂದನ್ನು ಹಿಡಿಯುವುದಾಗಲಿ, ಹಳೆಯದೆಂಬ ಕಾರಣಕ್ಕೆ ಇನ್ನೊಂದನ್ನು ಬಿಡುವುದಾಗಲಿ ವಿವೇಕವಲ್ಲ. ಅರ್ಜಿಯ ಕೊನೆಯ ದಿನ ಸಂಜೆ ಆ ವಿದ್ಯಾರ್ಥಿನಿ ಪುಟವನ್ನು ತೆರೆದಾಗ ಅದು ಬೇಗನೆ ಮೂಡಬೇಕು, ಅಕ್ಷರಗಳು ಓದುವಂತಿರಬೇಕು, ‘ಸಲ್ಲಿಸಿ’ ಎಂಬ ಗುಂಡಿ ಅವಳ ಬೆರಳಿಗೆ ಎಟುಕಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅವಳ ಒಂದು ವರ್ಷದ ವ್ಯಾಸಂಗಕ್ಕೆ ಅಡ್ಡಿಯಾದೀತು. ಪುಟಕ್ಕೆ ಯಾವ ಚೌಕಟ್ಟನ್ನು ಬಳಸಿದ್ದಾರೆಂಬುದು ಅವಳಿಗೆ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಅದನ್ನು ತಿಳಿದು ಆರಿಸುವ ಕರ್ತವ್ಯ ರಚಿಸುವವನದು.

ಅಭ್ಯಾಸ

1. ಜಾಲಪುಟದ ಒಡಲಿಗೂ ಉಡುಪಿಗೂ ಇರುವ ವ್ಯತ್ಯಾಸವೇನು? ಅವೆರಡನ್ನೂ ಬೇರ್ಪಡಿಸುವುದರಿಂದ ಆಗುವ ಪ್ರಯೋಜನವೇನು?
2. ಬೂಟ್‌ಸ್ಟ್ರ್ಯಾಪ್ ಪುಟವನ್ನು 12 ಅಂಕಣಗಳಾಗಿ ವಿಭಾಗಿಸಿರುವುದರಿಂದ ಏನು ಅನುಕೂಲ?
3. ಸಿದ್ಧ ಉಡುಪು ಮತ್ತು ದರ್ಜಿಯ ಸಾಮಗ್ರಿಗಳ ಹೋಲಿಕೆಯಿಂದ ಎರಡು ಚೌಕಟ್ಟುಗಳ ಗುಣದೋಷಗಳನ್ನು ವಿವರಿಸಿರಿ.
4. ಕನ್ನಡ ಪುಟಗಳಿಗೆ ಸಾಲಿನ ಎತ್ತರವನ್ನು ಹೆಚ್ಚಿಸಬೇಕಾಗುವುದೇಕೆ?
5. ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಐದು ಪುಟಗಳ ಜಾಲತಾಣವನ್ನು ರಚಿಸುವುದಾದರೆ ಯಾವ ಮಾರ್ಗವನ್ನು ಅನುಸರಿಸುವಿರಿ? ಕಾರಣಗಳೊಡನೆ ಒಂದು ಪರಿಚ್ಛೇದವನ್ನು ಬರೆಯಿರಿ.