ವೈರಿಲ್ಲದ ಸೋಲ್ಡರಿಂಗ್ ಐರನ್ ನಮ್ಮ ಮಾದರಿಗಳಿಗೆ ಸಾಕೇ?

ಮಕ್ಕಳೇ, ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ನೀವು ಎಲ್‌ಇಡಿ ದೀಪ, ಟ್ಯಾಂಕ್ ತುಂಬಿದಾಗ ಕೂಗುವ ಅಲಾರಂ ಮುಂತಾದ ಮಾದರಿಗಳನ್ನು ಮಾಡಿರುತ್ತೀರಿ. ಶಾಲೆಯಲ್ಲಿ ಚೆನ್ನಾಗಿ ನಡೆದ ಮಾದರಿಯು ಉಜ್ಜಿನಿಯಿಂದ ಬಸ್ಸಿನಲ್ಲಿ ಕೊಟ್ಟೂರು ಮುಟ್ಟುವಷ್ಟರಲ್ಲಿ ಕೆಟ್ಟು ಹೋಗುವುದುಂಟು. ತೀರ್ಪುಗಾರರು ಮುಂದೆ ಬಂದು ನಿಂತಾಗ ದೀಪ ಹತ್ತುವುದಿಲ್ಲ. ಸೆಲ್ಲು ಸರಿಯಿದೆ, ಎಲ್‌ಇಡಿಯೂ ಸರಿಯಿದೆ. ಹಾಗಾದರೆ ತಪ್ಪು ಎಲ್ಲಿ? ಹೆಚ್ಚಿನ ಸಲ ಬೆಸುಗೆಯಲ್ಲಿ!

ಕರೆಂಟ್ ಹೋದಾಗಲೂ ಬೆಸುಗೆ ಹಾಕಬಹುದಾದ ಐರನ್‌ಗಳು ಈಗ ಸಿಗುತ್ತವೆ. ಇವುಗಳಿಗೆ ಪ್ಲಗ್ ಇಲ್ಲ, ಉದ್ದನೆಯ ವೈರಿಲ್ಲ. ಕಾರ್ಡ್‌ಲೆಸ್ ಐರನ್ ಎಂದು ಕರೆಯುತ್ತಾರೆ. ನಮ್ಮ ಶಾಲೆಗೂ ಇಂಥದ್ದೇ ಒಂದನ್ನು ತರೋಣವೇ? ಉತ್ತರಿಸುವ ಮುನ್ನ ಬೆಸುಗೆ ಹೇಗೆ ಕೂಡುತ್ತದೆ ಎಂಬುದನ್ನು ತಿಳಿಯೋಣ.

ಬೆಸುಗೆ ಎಂದರೆ ಅಂಟಲ್ಲ

ಬೆಸುಗೆಯ ತಂತಿಯು ತವರ ಮತ್ತು ಸೀಸದ ಮಿಶ್ರಲೋಹ. 63 ಭಾಗ ತವರ, 37 ಭಾಗ ಸೀಸ ಇರುವ ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಸವಿಲ್ಲದ ತಂತಿಗೆ 217 ಡಿಗ್ರಿಗೂ ಮೇಲೆ ಬೇಕು. ತಂತಿಯ ಒಳಗಿರುವ ರಾಳವು ತಾಮ್ರದ ಮೇಲಿನ ಕಿಲುಬನ್ನು ತೆಗೆಯುತ್ತದೆ. ಆಗ ಕರಗಿದ ತವರವು ತಾಮ್ರದೊಡನೆ ಬೆರೆತು ತೆಳುವಾದ ಹೊಸ ಪದರವನ್ನು ಉಂಟುಮಾಡುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಬೆಸುಗೆಯ ತಂತಿ ಕರಗಿದರೆ ಸಾಲದು, ಕೂಡಿಸಬೇಕಾದ ಎರಡೂ ಲೋಹಗಳು ಅಷ್ಟೇ ಬಿಸಿಯಾಗಬೇಕು. ಬಿಸಿಯಾಗದಿದ್ದರೆ ತವರವು ಮೇಲೆ ಗುಂಡಗೆ ಕೂರುತ್ತದೆ, ಒಳಗೆ ಕೂಡಿರುವುದಿಲ್ಲ. ಇದನ್ನು ತಣ್ಣನೆಯ ಬೆಸುಗೆ ಎನ್ನುತ್ತಾರೆ. ಬಸ್ಸಿನ ಕುಲುಕಾಟಕ್ಕೆ ಬಿಟ್ಟುಕೊಳ್ಳುವುದು ಇಂಥ ಬೆಸುಗೆಯೇ.

'ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಎಂಬ ಮಾತನ್ನು ನೀವು ಕೇಳಿದ್ದೀರಿ. ಮರುಳಸಿದ್ಧೇಶ್ವರ ದೇವಸ್ಥಾನದ ಒಳಗಿನ ಕೆತ್ತನೆ ಕಂಡವರಿಗೆ ಅದರ ಅರ್ಥ ಗೊತ್ತು. ಬೆಸುಗೆಯನ್ನೂ ಉಜ್ಜಿನಿಯಂತೆ ಒಳಗೆ ನೋಡಬೇಕು!

ರೊಟ್ಟಿ ಹಂಚಿನ ಪಾಠ

ಜೋಳದ ರೊಟ್ಟಿ ಸುಡಲು ಅಮ್ಮ ದಪ್ಪ ಹಂಚನ್ನೇ ಏಕೆ ಇಡುತ್ತಾರೆ? ತೆಳು ತಗಡು ಬೇಗ ಕಾಯುತ್ತದೆ. ಆದರೆ ಹಸಿ ರೊಟ್ಟಿ ಬಿದ್ದ ಕೂಡಲೇ ತಣ್ಣಗಾಗುತ್ತದೆ. ದಪ್ಪ ಹಂಚಿನಲ್ಲಿ ಕಾವಿನ ದಾಸ್ತಾನು ಇರುತ್ತದೆ. ಐರನ್‌ನ ತುದಿಗೂ ಇದೇ ನಿಯಮ.

ಲೆಕ್ಕ ಹಾಕೋಣ. 1 ಗ್ರಾಂ ತಾಮ್ರವು 1 ಡಿಗ್ರಿ ತಣ್ಣಗಾದರೆ ಸುಮಾರು 0.39 ಜೂಲ್ ಶಾಖ ಕೊಡುತ್ತದೆ. 5 ಗ್ರಾಂ ತೂಕದ ತುದಿ 350 ಡಿಗ್ರಿಯಿಂದ 250ಕ್ಕೆ ಇಳಿದರೆ,

5 × 0.39 × 100 = 195 ಜೂಲ್

1 ಗ್ರಾಂ ತುದಿಯಾದರೆ ಕೇವಲ 39 ಜೂಲ್. ಕಳೆದುಹೋದ ಶಾಖವನ್ನು ಮತ್ತೆ ತುಂಬುವುದು ಐರನ್‌ನ ವ್ಯಾಟ್. 25 ವ್ಯಾಟ್‌ನ ಐರನ್ ಸೆಕೆಂಡಿಗೆ 25 ಜೂಲ್ ತುಂಬಿದರೆ, 8 ವ್ಯಾಟ್‌ನದು 8 ಜೂಲ್ ಮಾತ್ರ ತುಂಬುತ್ತದೆ.

ಸಣ್ಣ ಎಲ್‌ಇಡಿಯ ಕಾಲಿಗೆ 8 ವ್ಯಾಟ್ ಸಾಕಾದೀತು. ದಪ್ಪ ವೈರ್, ಸ್ವಿಚ್, ಬ್ಯಾಟರಿ ಪೆಟ್ಟಿಗೆಯ ತಗಡಿಗೆ ಸಾಲದು. ಚೆನ್ನಾಗಿ ಕಾದ ತುದಿಯಿಂದ ಒಂದು ಬೆಸುಗೆಗೆ 2-3 ಸೆಕೆಂಡು ಸಾಕು. ತುದಿ ದುರ್ಬಲವಾಗಿದ್ದರೆ ಬಹಳ ಹೊತ್ತು ಒತ್ತಿ ಹಿಡಿಯುತ್ತೇವೆ. ಆಗ ಟ್ರಾನ್ಸಿಸ್ಟರ್ ಕೆಡಬಹುದು, ಬೋರ್ಡಿನ ತಾಮ್ರದ ಪದರ ಏಳಬಹುದು. ಕಡಿಮೆ ವ್ಯಾಟ್ ಎಂದರೆ ಹೆಚ್ಚು ಸುರಕ್ಷಿತ ಎಂಬುದು ಸರಿಯಲ್ಲ.

ವೈರಿಲ್ಲದವುಗಳ ಬಗೆಗಳು

1. ಸೆಲ್ಲಿನ ಐರನ್: ಪೆನ್ಸಿಲ್ ಸೆಲ್ಲು ಅಥವಾ ಚಾರ್ಜ್ ಮಾಡುವ ಲಿಥಿಯಂ ಸೆಲ್ಲಿನಿಂದ ನಡೆಯುತ್ತದೆ. ಸಾಮಾನ್ಯವಾಗಿ 6ರಿಂದ 10 ವ್ಯಾಟ್. 3.7 ವೋಲ್ಟ್, 2000 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಸೆಲ್ಲಿನಲ್ಲಿ 7.4 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. 8 ವ್ಯಾಟ್‌ನ ಐರನ್ ಅದರಿಂದ ಒಂದು ಗಂಟೆಯೂ ಪೂರ್ತಿ ನಡೆಯದು.

2. ಗ್ಯಾಸಿನ ಐರನ್: ಸಿಗರೇಟ್ ಲೈಟರಿನಲ್ಲಿರುವ ಬ್ಯೂಟೇನ್ ಅನಿಲವೇ ಇದರ ಇಂಧನ. 1 ಗ್ರಾಂ ಬ್ಯೂಟೇನ್ ಉರಿದರೆ ಸುಮಾರು 45 ಕಿಲೋಜೂಲ್ ಶಾಖ ಬರುತ್ತದೆ. ಮೇಲಿನ ಲಿಥಿಯಂ ಸೆಲ್ಲಿನಲ್ಲಿರುವುದು ಸುಮಾರು 27 ಕಿಲೋಜೂಲ್ ಮಾತ್ರ! ಕಾವಿಗೆ ಕೊರತೆಯಿಲ್ಲ. ಆದರೆ ಪಕ್ಕದಿಂದ ಹೊರಬರುವ ಬಿಸಿ ಗಾಳಿ ಪ್ಲಾಸ್ಟಿಕ್ಕನ್ನು ಸುಡುತ್ತದೆ. ಬೆಂಕಿಯ ಅಪಾಯವೂ ಇದೆ. ತರಗತಿಗೆ ಇದು ಬೇಡವೇ ಬೇಡ.

3. ಯುಎಸ್‌ಬಿ-ಸಿ ಐರನ್: ಶಕ್ತಿಶಾಲಿ ಪವರ್ ಬ್ಯಾಂಕ್‌ಗೆ ಜೋಡಿಸುವ ಇವುಗಳಲ್ಲಿ ಕೆಲವು 60 ವ್ಯಾಟ್‌ವರೆಗೂ ಕೊಡುತ್ತವೆ. ಉಷ್ಣತೆಯನ್ನು ತಾವೇ ಕಾಯ್ದುಕೊಳ್ಳುತ್ತವೆ. ಕೆಲಸದಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಬೆಲೆ ಹೆಚ್ಚು, ಸಾಮಾನ್ಯ ಮೊಬೈಲ್ ಪವರ್ ಬ್ಯಾಂಕ್ ಇವಕ್ಕೆ ಸಾಲದು.

ವೈರಿಲ್ಲದ ಐರನ್‌ಗೆ ಒಂದು ಒಳ್ಳೆಯ ಗುಣವೂ ಉಂಟು. 230 ವೋಲ್ಟ್‌ನ ಸಂಪರ್ಕವೇ ಇಲ್ಲದ್ದರಿಂದ ವೈರ್ ಸುಟ್ಟು ಶಾಕ್ ಹೊಡೆಯುವ ಭಯವಿಲ್ಲ.

ಯಾವುದನ್ನು ಕೊಳ್ಳುವುದು?

ಶಾಲೆಗೆ ಒಂದೇ ಐರನ್ ತರುವುದಾದರೆ 25 ವ್ಯಾಟ್‌ನ, ಮೂರು ಪಿನ್ನಿನ ಸಾಮಾನ್ಯ ಐರನ್ ಉತ್ತಮ. ಅದು 40 ಗಂಟೆ ನಡೆದರೆ ಖರ್ಚಾಗುವುದು ಒಂದು ಯೂನಿಟ್ ಮಾತ್ರ. ಕರೆಂಟ್ ಇರುವ ಹೊತ್ತು ನೋಡಿ ಕೆಲಸ ಇಟ್ಟುಕೊಳ್ಳಬಹುದು. ಸೆಲ್ಲಿನ ಐರನ್ ಎರಡನೆಯದಾಗಿ ಇರಲಿ. ಪ್ರದರ್ಶನದ ಮೇಜಿನ ಮೇಲೆ ಬಿಟ್ಟುಹೋದ ಒಂದು ಸಣ್ಣ ತಂತಿ ಕೂಡಿಸಲು ಅದು ಆಪದ್ಬಾಂಧವ. ಅಂಗಡಿಯಲ್ಲಿ ವೈರ್ ಇದೆಯೋ ಇಲ್ಲವೋ ಎಂದು ಕೇಳುವ ಮೊದಲು, ಎಷ್ಟು ವ್ಯಾಟ್, ತುದಿ ಎಷ್ಟು ದಪ್ಪ ಎಂದು ಕೇಳಿ.

ಮಾಡಿ ನೋಡಿ

ಬೇಕಾಗುವವು: ದಪ್ಪ ಬೋಲ್ಟ್, ಸಣ್ಣ ಮೊಳೆ, ದಾರ, ಎರಡು ಲೋಟ, ಉಷ್ಣತಾಮಾಪಕ, ಬಿಸಿನೀರು.

ಬೋಲ್ಟ್ ಮತ್ತು ಮೊಳೆಗೆ ದಾರ ಕಟ್ಟಿ. ಶಿಕ್ಷಕರ ಸಹಾಯದಿಂದ ಎರಡನ್ನೂ ಬಿಸಿನೀರಿನಲ್ಲಿ 5 ನಿಮಿಷ ಇಡಿ. ಎರಡೂ ಲೋಟಗಳಲ್ಲಿ 50 ಮಿಲಿಲೀಟರ್ ತಣ್ಣೀರು ಹಾಕಿ, ಉಷ್ಣತೆ ಬರೆದುಕೊಳ್ಳಿ. ಈಗ ಒಂದು ಲೋಟಕ್ಕೆ ಬೋಲ್ಟ್, ಇನ್ನೊಂದಕ್ಕೆ ಮೊಳೆ ಇಳಿಸಿ. ಒಂದು ನಿಮಿಷದ ನಂತರ ಮತ್ತೆ ಅಳೆಯಿರಿ. ಯಾವ ಲೋಟದ ನೀರು ಹೆಚ್ಚು ಬಿಸಿಯಾಯಿತು? ಎರಡೂ ಒಂದೇ ನೀರಿನಲ್ಲಿ ಕಾದಿದ್ದವಲ್ಲವೇ?

ಎಚ್ಚರಿಕೆ

* ಬೆಸುಗೆಯನ್ನು ಶಿಕ್ಷಕರೇ ಹಾಕಬೇಕು. ಮಕ್ಕಳು ಒಂದು ಮಾರು ದೂರದಿಂದ ನೋಡಲಿ.
* ಸೀಸ ವಿಷ. ಬೆಸುಗೆಯ ತಂತಿಯನ್ನು ಬಾಯಲ್ಲಿ ಕಚ್ಚಬಾರದು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು.
* ರಾಳದ ಹೊಗೆ ಉಸಿರಿಗೆ ಕೆಟ್ಟದ್ದು. ಕಿಟಕಿ ತೆರೆದಿರಲಿ.
* ವೈರಿಲ್ಲದ ಐರನ್ ನೋಡಲು ಪೆನ್ನಿನಂತೆ ಇರುತ್ತದೆ. ಬಿಸಿ ಆರುವವರೆಗೆ ಸ್ಟ್ಯಾಂಡಿನಲ್ಲಿಯೇ ಇಡಿ.

ಯೋಚಿಸಿ, ಉತ್ತರಿಸಿ

1. ತವರ ಕರಗಿದರೂ ಬೆಸುಗೆ ಏಕೆ ಕೂಡದೆ ಇರಬಹುದು?
2. 10 ವ್ಯಾಟ್‌ನ ಐರನ್ 7.4 ವ್ಯಾಟ್-ಗಂಟೆಯ ಸೆಲ್ಲಿನಿಂದ ಹೆಚ್ಚೆಂದರೆ ಎಷ್ಟು ನಿಮಿಷ ನಡೆದೀತು?
3. ನಿಮ್ಮ ಊರಿನ ಪತ್ತಾರರು ಬೆಸುಗೆಗೆ ಕಾವನ್ನು ಹೇಗೆ ಪಡೆಯುತ್ತಾರೆ? ಕೇಳಿ ಬರೆಯಿರಿ. ಅದೂ ವೈರಿಲ್ಲದ ಬೆಸುಗೆಯೇ ಅಲ್ಲವೇ?