ವೆಸ್ಟಾ ಎಂಬ ಕ್ಷುದ್ರಗ್ರಹ

ಮಕ್ಕಳೇ, ಸೂರ್ಯನನ್ನು ಎಂಟು ಗ್ರಹಗಳು ಸುತ್ತುತ್ತವೆ ಎಂದು ನೀವು ಕಲಿತಿದ್ದೀರಿ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಲಕ್ಷಾಂತರ ಬಂಡೆಗಳೂ ಸೂರ್ಯನನ್ನು ಸುತ್ತುತ್ತಿವೆ. ಇವೇ ಕ್ಷುದ್ರಗ್ರಹಗಳು. ಕ್ಷುದ್ರ ಎಂದರೆ ಚಿಕ್ಕದು. ಇವುಗಳಲ್ಲಿ ವೆಸ್ಟಾ ಬಹಳ ದೊಡ್ಡದು. ಜರ್ಮನಿಯ ಖಗೋಳ ವಿಜ್ಞಾನಿ ಓಲ್ಬರ್ಸ್ 1807ರಲ್ಲಿ ಇದನ್ನು ಕಂಡುಹಿಡಿದರು.

ವೆಸ್ಟಾ ಸೂರ್ಯನಿಂದ ಸರಾಸರಿ 35 ಕೋಟಿ ಕಿ.ಮೀ. ದೂರದಲ್ಲಿದೆ. ಸೂರ್ಯನನ್ನು ಒಂದು ಸುತ್ತು ಬರಲು ಅದಕ್ಕೆ ಮೂರೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕು. ಆದರೆ ತನ್ನ ಸುತ್ತ ತಾನು ತಿರುಗಲು ಸುಮಾರು 5 ಗಂಟೆ 20 ನಿಮಿಷ ಸಾಕು! ನೀವು ಬೆಳಿಗ್ಗೆ ಶಾಲೆಗೆ ಬಂದು ಸಂಜೆ ಮನೆಗೆ ಹೋಗುವಷ್ಟರಲ್ಲಿ ಅಲ್ಲಿ ಒಂದು ದಿನ ಮುಗಿದಿರುತ್ತದೆ.

ವೆಸ್ಟಾದ ಸರಾಸರಿ ವ್ಯಾಸ ಸುಮಾರು 525 ಕಿ.ಮೀ. ಅದು ಚೆಂಡಿನಂತೆ ಪೂರ್ತಿ ಗುಂಡಗಿಲ್ಲ. ಏಕೆ ಗೊತ್ತೇ? ಬಹಳ ಹಿಂದೆ ದೊಡ್ಡ ಬಂಡೆಯೊಂದು ಅದಕ್ಕೆ ಡಿಕ್ಕಿ ಹೊಡೆಯಿತು. ಆಗ ಅದರ ದಕ್ಷಿಣ ಭಾಗದಲ್ಲಿ ಸುಮಾರು 500 ಕಿ.ಮೀ. ಅಗಲದ ಕುಳಿ ಬಿದ್ದಿತು. ಕುಳಿಯ ನಡುವೆ ಎವರೆಸ್ಟ್ ಶಿಖರದ ಎರಡು ಪಟ್ಟಿಗಿಂತಲೂ ಎತ್ತರದ ಬೆಟ್ಟವಿದೆ. 2011ರಲ್ಲಿ ಅಮೆರಿಕದ ಡಾನ್ ಗಗನನೌಕೆ ವೆಸ್ಟಾವನ್ನು ತಲುಪಿ, ಅದರ ಸುತ್ತ ತಿರುಗುತ್ತಾ ಚಿತ್ರಗಳನ್ನು ತೆಗೆಯಿತು.

ಡಿಕ್ಕಿಯಲ್ಲಿ ಸಿಡಿದ ಚೂರುಗಳು ಏನಾದವು? ಅಂಥ ಕೆಲವು ಚೂರುಗಳು ಭೂಮಿಗೂ ಬಂದು ಬಿದ್ದಿವೆ. ಅವುಗಳನ್ನು ಉಲ್ಕಾಶಿಲೆಗಳು ಎನ್ನುತ್ತಾರೆ. 1994ರಲ್ಲಿ ರಾಜಸ್ಥಾನದ ಲೋಹಾವಟ್ ಎಂಬಲ್ಲಿ ಬಿದ್ದ ಕಲ್ಲು ಈ ಜಾತಿಯದು. ಇಂಥ ಕಲ್ಲುಗಳು ವೆಸ್ಟಾದಿಂದ ಬಂದವು ಎಂದು ವಿಜ್ಞಾನಿಗಳು ಹೇಳುತ್ತಾರೆ. ಅಷ್ಟು ದೂರದ ಲೋಕದ ಚೂರು ನಮ್ಮ ದೇಶದ ಮಣ್ಣಿಗೇ ಬಂದಿತು, ನೋಡಿರಿ!

ಅಭ್ಯಾಸ
1. ಕ್ಷುದ್ರಗ್ರಹಗಳು ಯಾವ ಎರಡು ಗ್ರಹಗಳ ನಡುವೆ ಇವೆ?
2. ವೆಸ್ಟಾ ಪೂರ್ತಿ ಗುಂಡಗಿಲ್ಲ, ಏಕೆ?
3. ಭೂಮಿಯಲ್ಲಿ 24 ಗಂಟೆ ಕಳೆಯುವಷ್ಟರಲ್ಲಿ ವೆಸ್ಟಾ ತನ್ನ ಸುತ್ತ ಎಷ್ಟು ಬಾರಿ ತಿರುಗುತ್ತದೆ? ಲೆಕ್ಕ ಮಾಡಿರಿ.