ಮೂರನೇ ಸಲ ಗೇರ್‌ಬಾಕ್ಸ್ ಬಿಚ್ಚಿಸುವ ಮುಂಚೆ

ಪ್ರಶ್ನೆ: ನಮ್ಮದು ಲಕ್ಕವಳ್ಳಿ ಹತ್ತಿರ ಅಡಿಕೆ ತೋಟ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಪಿಕಪ್ ತಗೊಂಡೆ. ಎಡಮಂಡಿ ನೋವು, ಕ್ಲಚ್ ತುಳಿಯಲು ಆಗುವುದಿಲ್ಲ, ಅದಕ್ಕೇ ಆಟೋಮ್ಯಾಟಿಕ್. ಬೆಳಿಗ್ಗೆ ಚೆನ್ನಾಗಿ ಓಡುತ್ತೆ. ಲೋಡು ಹಾಕಿಕೊಂಡು ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ ಏರು ಹತ್ತುವಾಗ ಎಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಅರ್ಧ ಗಂಟೆ ಆರಲು ಬಿಟ್ಟರೆ ಮತ್ತೆ ಸರಿ. ಮೊದಲ ಸಲ ಆಯಿಲ್ ಬದಲಿಸಿದರು. ಎರಡನೇ ಸಲ ಗೇರ್‌ಬಾಕ್ಸ್ ಬಿಚ್ಚಿ ಪ್ಲೇಟ್ ಹಾಕಿದರು, ಲಕ್ಷದ ಹತ್ತಿರ ಬಿಲ್ಲಾಯಿತು. ಈ ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದೆವು. ಇನ್ನೊಂದು ಸಲ ಬಿಚ್ಚಬೇಕು ಅಂತಿದ್ದಾರೆ. ಅಪ್ಪ ದಿನಾ ‘ಗೇರಿನ ಗಾಡಿ ತಗೋ ಅಂದೆ, ಕೇಳಿದ್ಯಾ?’ ಅಂತಾರೆ. ಆಯಿಲ್ ಬದಲಿಸಿ, ಚೆನ್ನಾಗಿ ಓಡುವಾಗಲೇ ಯಾರಿಗಾದರೂ ದಾಟಿಸಿಬಿಡಲೇ?
– ಹೆಸರು ಬೇಡ, ಲಕ್ಕವಳ್ಳಿ

ಉತ್ತರ: ಗಾಡಿ ಯಾವ ಕಂಪನಿಯದೆಂದು ನೀವು ಬರೆದಿದ್ದಿರಿ, ಇಲ್ಲಿ ಅಚ್ಚು ಹಾಕಿಲ್ಲ. ಇದು ಒಂದು ಕಂಪನಿಗೆ ಅಂಟಿದ ಕಾಯಿಲೆಯಂತೆ ನನಗೆ ಕಾಣುತ್ತಿಲ್ಲ. ಬಿಸಿಯಾದಾಗ ಬರುತ್ತದೆ, ಆರಿದರೆ ಹೋಗುತ್ತದೆ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಎರಡು ಸಲವೂ ಹಾಳಾದದ್ದನ್ನು ರಿಪೇರಿ ಮಾಡಿದ್ದಾರೆ. ಹಾಳು ಮಾಡಿದ್ದು ಯಾವುದು ಅಂತ ಯಾರೂ ಹುಡುಕಿದಂತಿಲ್ಲ.

ಗೇರಿನ ಗಾಡಿಯಲ್ಲಿ ಎಂಜಿನ್ನಿನ ಬಲವನ್ನು ಕ್ಲಚ್ ಪ್ಲೇಟು ದಾಟಿಸುತ್ತದೆ. ನಿಮ್ಮದರಲ್ಲಿ ಆ ಕೆಲಸ ಟಾರ್ಕ್ ಕನ್ವರ್ಟರ್‌ನೊಳಗೆ ತಿರುಗುವ ಆಯಿಲ್‌ನದು. ಸಮತಟ್ಟು ರಸ್ತೆಯಲ್ಲಿ ವೇಗ ಬಂದ ಮೇಲೆ ಅದು ಒಳಗೇ ಲಾಕ್ ಆಗುತ್ತದೆ, ಬಿಸಿ ಕಡಿಮೆ. ಲೋಡು ಹೊತ್ತು ನಿಧಾನಕ್ಕೆ ಘಾಟಿ ಹತ್ತುವಾಗ ಲಾಕ್ ಆಗುವುದು ಅಪರೂಪ. ಆಯಿಲ್ ಕಡೆದು ಕಡೆದು ಕಾಯುತ್ತದೆ. 80–90 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕಾದ ಆಯಿಲ್ 120 ದಾಟಿ ಹೆಚ್ಚು ಹೊತ್ತು ನಿಂತರೆ ಅದರ ಗುಣ ಕೆಡುತ್ತದೆ, ಗೇರ್‌ಬಾಕ್ಸ್ ಒಳಗಿನ ಪ್ಲೇಟುಗಳ ಹಿಡಿತ ಹೋಗುತ್ತದೆ. ಎಂಜಿನ್ ಕೂಗಿದರೂ ಗಾಡಿ ಹೋಗದಿರುವುದಕ್ಕೆ ಇದೇ ಕಾರಣ.

ಈಗ ನಿಮ್ಮ ಎರಡನೇ ಬಿಲ್ಲು ತೆಗೆದು ನೋಡಿ. ‘ಕೂಲರ್ ಫ್ಲಶ್’, ಅಂದರೆ ಆಯಿಲ್ ಆರಿಸುವ ಕೂಲರ್ ತೊಳೆದದ್ದು, ಅಂತ ಎಲ್ಲಾದರೂ ಇದೆಯೇ? ಟಾರ್ಕ್ ಕನ್ವರ್ಟರ್ ಬದಲಿಸಿದ್ದು ಅಥವಾ ಕೊಯ್ದು ರಿಪೇರಿ ಮಾಡಿದ್ದು ಇದೆಯೇ? ಪ್ಲೇಟು ಸವೆದಾಗ ಅದರ ಪುಡಿ ಆಯಿಲ್ ಜೊತೆ ಹರಿದು ಕೂಲರ್‌ನ ಸಣ್ಣ ಕೊಳವೆಗಳಲ್ಲೂ ಕನ್ವರ್ಟರ್‌ನ ಹೊಟ್ಟೆಯಲ್ಲೂ ಕೂರುತ್ತದೆ. ಕನ್ವರ್ಟರ್‌ಗೆ ವೆಲ್ಡಿಂಗ್ ಮಾಡಿರುತ್ತಾರೆ, ಹೊರಗಿನಿಂದ ತೊಳೆದರೆ ಪೂರ್ತಿ ಹೋಗುವುದಿಲ್ಲ. ಇವೆರಡನ್ನೂ ಹಾಗೇ ಬಿಟ್ಟು ಹೊಸ ಪ್ಲೇಟು ಹಾಕಿದರೆ, ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲೇ ಹಳೇ ಪುಡಿ ಹೊಸ ಗೇರ್‌ಬಾಕ್ಸಿಗೆ ವಾಪಸ್. ಕೂಲರ್ ಕಟ್ಟಿಕೊಂಡಿದ್ದರಂತೂ ಆಯಿಲ್ ಆರುವುದೇ ಇಲ್ಲ. ಒಂದು ಮಳೆಗಾಲಕ್ಕೆ ಕೈಕೊಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ಅನುಮಾನ ಹೆಚ್ಚಾಗಿ ಇದರ ಮೇಲೆಯೇ. ರೇಡಿಯೇಟರ್ ಮುಂದಿನ ಜಾಲರಿಯಲ್ಲಿ ಕೆಮ್ಮಣ್ಣು, ಹುಲ್ಲಿನ ಬೀಜ ಮೆತ್ತಿಕೊಂಡಿದೆಯೇ ಅಂತಲೂ ಒಮ್ಮೆ ಬಗ್ಗಿ ನೋಡಿ. ಅದಕ್ಕೆ ಮೆಕ್ಯಾನಿಕ್ ಬೇಕಿಲ್ಲ.

ಮಳೆಗಾಲದಲ್ಲಿ ತೋಟದ ಹಳ್ಳ ದಾಟಿಸುತ್ತೀರಾ? ಗೇರ್‌ಬಾಕ್ಸಿಗೆ ಉಸಿರಾಡಲು ಬ್ರೀದರ್ ಅಂತ ಸಣ್ಣ ಪೈಪು ಇರುತ್ತದೆ. ಕಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಪೈಪು ಕಿತ್ತುಹೋಗಿದ್ದರೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೂಲರ್ ರೇಡಿಯೇಟರ್‌ನೊಳಗೇ ಇದ್ದು ಅದರ ಗೋಡೆ ತೂತಾದರೆ ಕೂಲಂಟ್ ಬೆರೆಯುತ್ತದೆ. ಎರಡರಲ್ಲಿ ಯಾವುದಾದರೂ ಆಯಿಲ್ ನೋಡಿದರೆ ತಿಳಿಯುತ್ತದೆ. ಹೊಸತು ಸಾಮಾನ್ಯವಾಗಿ ಕೆಂಪಗೆ, ತಿಳಿಯಾಗಿರುತ್ತದೆ. ಕಪ್ಪಾಗಿ ಸೀದ ವಾಸನೆ ಬಂದರೆ ಕಾದು ಕೆಟ್ಟಿದೆ. ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ; ಹಾಗಿದ್ದರೆ ಗಾಡಿ ಸ್ಟಾರ್ಟ್ ಕೂಡ ಮಾಡಬೇಡಿ.

ಆದ್ದರಿಂದ ಬಿಚ್ಚುವ ಮಾತು ಆಮೇಲೆ. ಮೊದಲು ಸ್ಕ್ಯಾನರ್ ಹಾಕಿ, ಲೋಡು ಹೇರಿ, ಅದೇ ಏರಿಗೆ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ. ಆಯಿಲ್ ಟೆಂಪರೇಚರ್ ಎಷ್ಟಕ್ಕೆ ಏರುತ್ತದೆ, ಎಷ್ಟರಲ್ಲಿ ಜಾರಲು ಶುರು ಅಂತ ಬರೆದುಕೊಳ್ಳಲಿ. ಶೆಡ್ಡಿನಲ್ಲಿ ತಣ್ಣಗೆ ನಿಂತ ಗಾಡಿಗೆ ಸ್ಕ್ಯಾನರ್ ಚುಚ್ಚಿದರೆ ಅದು ಏನು ಹೇಳೀತು? ಪಿ0700 ಅಂತ ಕೋಡ್ ಬಂದರೆ ಅದಕ್ಕೇ ಗೇರ್‌ಬಾಕ್ಸ್ ಇಳಿಸಲು ಬಿಡಬೇಡಿ. ಗೇರ್‌ಬಾಕ್ಸಿನಲ್ಲಿ ಏನೋ ದೂರಿದೆ ಅನ್ನುವುದಷ್ಟೇ ಅದರ ಅರ್ಥ, ಅಸಲಿ ಕೋಡ್ ಬೇರೆ ಇರುತ್ತದೆ. ಬ್ಯಾಟರಿ ಅರ್ತ್ ವೈರು ಸಡಿಲವಿದ್ದರೂ ಗೇರ್ ತಪ್ಪುವುದುಂಟು. ಹಾಕಿದ ಆಯಿಲ್ ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದ ಗ್ರೇಡೇ ಹೌದಾ ಅಂತಲೂ ಕೇಳಿ. ಕೆಳಗಿನ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿದರೆ ಬರುವುದು ಸಾಮಾನ್ಯವಾಗಿ ಮೂರನೇ ಒಂದರಿಂದ ಅರ್ಧ ಭಾಗ, ಉಳಿದದ್ದು ಹಳತೇ.

ಟ್ರ್ಯಾಕ್ಟರಿಗೆ ಕಟ್ಟಿ ಎಳೆದಿರಲ್ಲ, ಅದನ್ನು ಇನ್ನು ಮಾಡಬೇಡಿ. ಎಂಜಿನ್ ಆಫ್ ಇದ್ದರೆ ಆಯಿಲ್ ಪಂಪ್ ತಿರುಗುವುದಿಲ್ಲ. ಚಕ್ರ ಉರುಳಿದಂತೆ ಒಳಗಿನ ಭಾಗಗಳು ಒಣಗಿಯೇ ಉಜ್ಜುತ್ತವೆ. ಲಾರಿಯ ಮೇಲೆ ಹೇರಿಕೊಂಡೇ ತರಬೇಕು. ಏರಿನಲ್ಲಿ ಮ್ಯಾನುವಲ್ ಮೋಡಿಗೆ ಹಾಕಿ ಕಡಿಮೆ ಗೇರಿನಲ್ಲೇ ಹತ್ತಿಸಿ. ಮೇಲೆ ತಲುಪಿದ ಕೂಡಲೇ ಆಫ್ ಮಾಡದೆ ನ್ಯೂಟ್ರಲ್‌ನಲ್ಲಿ ಒಂದೆರಡು ನಿಮಿಷ ಬಿಡಿ.

ದುಡ್ಡಿನ ವಿಷಯ. ಎರಡನೇ ರಿಪೇರಿಗೆ ಗ್ಯಾರಂಟಿ ಬರೆದು ಕೊಟ್ಟಿದ್ದರೆ ಹೊಸ ಬಿಲ್ಲಿಗೆ ಒಪ್ಪುವ ಮುಂಚೆ ಅದನ್ನು ತೋರಿಸಿ. ಬರೆದುಕೊಟ್ಟಿಲ್ಲದಿದ್ದರೂ ಕೂಲರ್ ತೊಳೆಯದೆ ಜೋಡಿಸಿದ್ದು ಸಾಬೀತಾದರೆ ಅದು ಸೇವೆಯ ಕೊರತೆ. ಜಾಬ್ ಕಾರ್ಡು, ಬಿಲ್ಲು, ಬಿಚ್ಚಿದ ಹಳೇ ಪ್ಲೇಟು ಕೇಳಿ ಇಟ್ಟುಕೊಳ್ಳಿ. ಮೊದಲು ಅವರಿಗೇ ಕಾಗದ ಬರೆಯಿರಿ, ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಗೆಹರಿಯದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾರಣ ಹುಟ್ಟಿದ ಎರಡು ವರ್ಷದೊಳಗೆ. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಇಟ್ಟುಕೊಂಡ ಗಾಡಿಯಾದರೆ, ವ್ಯಾಪಾರಕ್ಕೆ ಬಳಸಿದಿರಿ ಅಂತ ನಿಮ್ಮನ್ನು ಹೊರಗಿಡುವಂತಿಲ್ಲ.

ಅಪ್ಪನಿಗೆ ಏನು ಹೇಳುವುದು? ಮಂಡಿ ನಿಮ್ಮದು, ಗೇರಿನ ಗಾಡಿಯಾದರೆ ಕ್ಲಚ್ ತುಳಿಯುವವರು ಯಾರು ಅಂತ ಕೇಳಿ. ಆದರೆ ಜಗಳಕ್ಕೆ ಹೋಗಬೇಡಿ. ಮೇಲೆ ಹೇಳಿದ ಏರಿನ ಪರೀಕ್ಷೆಗೆ ಅವರನ್ನೂ ಕರೆದುಕೊಂಡು ಹೋಗಿ. ಹಿಂದಿನ ಸೀಟಿನಲ್ಲಿ ಕೂತು ಟೆಂಪರೇಚರ್ ನೋಡಲಿ.

ಮುಚ್ಚಿಟ್ಟು ಮಾರುವುದು ಮಾತ್ರ ಬೇಡ. ಕೊಳ್ಳುವವರು ತರೀಕೆರೆ, ಭದ್ರಾವತಿ ಕಡೆಯವರೇ ಆಗಿರುತ್ತಾರೆ. ಲೋಡು ಹಾಕಿ ಮೊದಲ ಏರು ಹತ್ತಿದ ದಿನವೇ ನಿಮ್ಮ ಮನೆ ಹುಡುಕಿಕೊಂಡು ಬರುತ್ತಾರೆ, ಗೊತ್ತಿದ್ದೂ ಮೋಸ ಮಾಡಿದ ತಕರಾರು ತಲೆಗೆ ಬರುತ್ತದೆ. ಈಗ ಹೇಳುವ ರಿಪೇರಿ ಖರ್ಚು ಗಾಡಿಯ ಇವತ್ತಿನ ಬೆಲೆಯ ಅರ್ಧ ದಾಟಿದರೆ ರಿಪೇರಿ ಬೇಡ. ಇಂಥ ಗಾಡಿಗಳನ್ನೇ ತಗೊಂಡು ಸರಿಮಾಡುವವರಿಗೆ, ಇದ್ದದ್ದು ಇದ್ದ ಹಾಗೆ ಹೇಳಿ, ಎರಡೂ ಬಿಲ್ಲಿನ ಜೆರಾಕ್ಸ್ ಜೊತೆಗೆ ಕೊಟ್ಟುಬಿಡಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಮಾಡಿಸಿ, ಆದರೆ ಕೂಲರ್ ಮತ್ತು ಕನ್ವರ್ಟರ್ ಎರಡೂ ಕೊಟೇಶನ್ನಿನಲ್ಲಿ ಬರೆದಿರಬೇಕು.